ತೆಂಗಿನ ಹಿಟ್ಟಿನ ಪಿಜ್ಜಾ ಬೇಸ್ ಉದುರುತ್ತಿದೆ, ನಡುವೆ ಹಸಿ ಉಳಿಯುತ್ತಿದೆ. ಅಳತೆ ಎಲ್ಲಿ ತಪ್ಪಿದೆ?

ಹೊಸಬಾಣಲೆ:

ನಮಸ್ಕಾರ. ಗೋಧಿ, ಮೈದಾ, ಅಕ್ಕಿ, ಜೋಳ ಯಾವ ಧಾನ್ಯವೂ ಸೇರದ ಪಿಜ್ಜಾ ಬೇಸ್ ಬೇಕಾಗಿದೆ. ಮನೆಯಲ್ಲಿ ಒಬ್ಬರಿಗೆ ಬಾದಾಮಿ ಒಗ್ಗುವುದಿಲ್ಲ, ಹಾಗಾಗಿ ಬಾದಾಮಿ ಹಿಟ್ಟು ಬಿಟ್ಟು ತೆಂಗಿನ ಹಿಟ್ಟು ಹಿಡಿದಿದ್ದೇನೆ.

ಹಾಕಿದ ಅಳತೆ: ತೆಂಗಿನ ಹಿಟ್ಟು 1 ಕಪ್ (ತೂಗಿದರೆ 112 ಗ್ರಾಂ), ಮೊಟ್ಟೆ 2, ನೀರು ಅರ್ಧ ಕಪ್, ಬೇಕಿಂಗ್ ಪೌಡರ್ 1 ಟೀ ಚಮಚ, ಎಣ್ಣೆ 1 ದೊಡ್ಡ ಚಮಚ, ಉಪ್ಪು. ಕಲಸಿದ ಕೂಡಲೇ ಟ್ರೇ ಮೇಲೆ ತಟ್ಟಿ, ಸಾಸ್, ಚೀಸ್, ಕ್ಯಾಪ್ಸಿಕಂ ಎಲ್ಲ ಹಾಕಿ 220 ಡಿಗ್ರಿಯಲ್ಲಿ 15 ನಿಮಿಷ ಇಟ್ಟೆ. ಅಂಚು ಸೀದು ಕಹಿಯಾಯಿತು. ನಡುಭಾಗ ಒದ್ದೆ ಮರಳಿನ ಹಾಗೆ. ಚಾಕು ಇಟ್ಟರೆ ತುಂಡಾಗುವ ಬದಲು ಉದುರುತ್ತದೆ.

ಗೊತ್ತಾಗಬೇಕಾದ್ದು ಇಷ್ಟು. ಹಿಟ್ಟಿಗೂ ನೀರಿಗೂ ಸರಿಯಾದ ಲೆಕ್ಕ ಏನು? ಒಂದು ತುಂಡನ್ನು ಕೈಯಲ್ಲಿ ಎತ್ತಿ ತಿನ್ನುವಷ್ಟು ಗಟ್ಟಿ ಬೇಸ್ ಇದರಲ್ಲಿ ಬರುತ್ತದೆಯೇ, ಅಥವಾ ಫೋರ್ಕ್ ಬೇಕೇಬೇಕೇ? ಬೇಕಿಂಗ್ ಪೌಡರ್‌ನಲ್ಲಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ ಎಂದು ಓದಿದೆ, ಹೌದೇ? ಮೊಟ್ಟೆ ಇಲ್ಲದೆಯೂ ಮಾಡುವ ದಾರಿ ಇದ್ದರೆ ಅದನ್ನೂ ಹೇಳಿ.

ಹಿಟ್ಟುಜರಡಿ:

ನಿಮ್ಮ ಅಳತೆಯಲ್ಲಿ ಹಿಟ್ಟು ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ಉಳಿದ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿದ್ದು.

ತೆಂಗಿನ ಹಿಟ್ಟು ಎಂದರೆ ಎಣ್ಣೆ ಅಥವಾ ಹಾಲು ತೆಗೆದ ಮೇಲೆ ಉಳಿದ ಕಾಯಿತುರಿಯನ್ನು ಒಣಗಿಸಿ ಬೀಸಿದ್ದು. 100 ಗ್ರಾಂನಲ್ಲಿ ಹೆಚ್ಚುಕಡಿಮೆ 35ರಿಂದ 40 ಗ್ರಾಂ ನಾರು. ಆ ನಾರು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಆದರೆ ಒಂದು ಕಣ ಇನ್ನೊಂದಕ್ಕೆ ಅಂಟುವುದಿಲ್ಲ. ಗೋಧಿಯಲ್ಲಿ ನಾದಿದಷ್ಟೂ ಜಿಗುಟು ಬಲಿಯುತ್ತದೆ. ಇದನ್ನು ಒಂದು ಗಂಟೆ ನಾದಿದರೂ ಏನೂ ಬಲಿಯುವುದಿಲ್ಲ. ಹಿಡಿದಿಡುವ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು: ಮೊಟ್ಟೆ, ಚೀಸ್ ಅಥವಾ ಇಸಬ್ಗೋಲ್ (ನೀರು ತಾಗಿದರೆ ಲೋಳೆಯಾಗುವ ಬೀಜದ ಹೊಟ್ಟು). ನಿಮ್ಮಲ್ಲಿ 112 ಗ್ರಾಂ ಹಿಟ್ಟಿಗೆ ಮೊಟ್ಟೆ 100 ಗ್ರಾಂ, ನೀರು 120 ಮಿಲಿ, ಒಟ್ಟು 220. ಅಂದರೆ ಹಿಟ್ಟಿನ ಎರಡರಷ್ಟು. ಬೇಕಾದದ್ದು ನಾಲ್ಕರಿಂದ ನಾಲ್ಕೂವರೆಯಷ್ಟು. ಇದ್ದ ಎರಡೇ ಮೊಟ್ಟೆಯ ನೀರನ್ನೂ ಹಿಟ್ಟು ಎಳೆದುಕೊಂಡಿತು, ಕಣಗಳ ನಡುವೆ ಬಲೆ ಕಟ್ಟುವಷ್ಟು ಮೊಟ್ಟೆ ಉಳಿಯಲಿಲ್ಲ. ಆ ಒದ್ದೆ ಮರಳು ಬಂದದ್ದು ಹೀಗೆ.

22 ಸೆಂಟಿಮೀಟರ್ ಅಗಲದ ಒಂದು ಬೇಸ್‌ಗೆ ಸರಿಹೋಗುವ ಅಳತೆ: ತೆಂಗಿನ ಹಿಟ್ಟು 40 ಗ್ರಾಂ, ಇಸಬ್ಗೋಲ್ ಪುಡಿ 8 ಗ್ರಾಂ, ಮೊಟ್ಟೆ 2 (ಚಿಪ್ಪು ಬಿಟ್ಟು 100 ಗ್ರಾಂ), ಉಗುರುಬೆಚ್ಚಗಿನ ನೀರು 80 ಮಿಲಿ, ಎಣ್ಣೆ 15 ಮಿಲಿ, ಉಪ್ಪು 3 ಗ್ರಾಂ, ಅಡುಗೆ ಸೋಡಾ ಕಾಲು ಟೀ ಚಮಚದ ಅರ್ಧ, ನಿಂಬೆ ರಸ 2 ಟೀ ಚಮಚ. ದಯವಿಟ್ಟು ತೂಗಿಯೇ ಹಾಕಿ. ಒತ್ತಿ ತುಂಬಿದ ಕಪ್ಪಿಗೂ ಸಡಿಲವಾಗಿ ತುಂಬಿದ ಕಪ್ಪಿಗೂ ಸಲೀಸಾಗಿ 20 ಗ್ರಾಂ ವ್ಯತ್ಯಾಸ ಬರುತ್ತದೆ. ಗೋಧಿ ಹಿಟ್ಟಿಗೆ ಅದು ನಡೆದೀತು. ಇಲ್ಲಿ 20 ಗ್ರಾಂ ಎಂದರೆ 80 ಮಿಲಿ ನೀರಿನ ಹೆಚ್ಚುಕಡಿಮೆ.

ಮೊದಲು ಹಿಟ್ಟನ್ನು ಜರಡಿ ಹಿಡಿಯಿರಿ, ಇದನ್ನು ಬಿಡಲೇಬೇಡಿ. ತೆಂಗಿನ ಹಿಟ್ಟು ಡಬ್ಬದಲ್ಲೇ ಸಣ್ಣ ಉಂಡೆ ಕಟ್ಟುತ್ತದೆ, ಆ ಉಂಡೆ ನೀರಿನಲ್ಲಿ ಒಡೆಯದೆ ಬೇಯುವಾಗ ಒಣ ಗುಳಿಗೆಯಾಗಿ ಬಾಯಿಗೆ ಸಿಗುತ್ತದೆ. ಜರಡಿ ಹಿಡಿದ ಹಿಟ್ಟಿಗೆ ಇಸಬ್ಗೋಲ್, ಉಪ್ಪು, ಸೋಡಾ ಒಣದಲ್ಲೇ ಬೆರೆಸಿ. ಇಸಬ್ಗೋಲ್‌ಅನ್ನು ನೇರ ನೀರಿಗೆ ಸುರಿದರೆ ಕ್ಷಣದಲ್ಲಿ ಲೋಳೆಗಂಟು ಕಟ್ಟುತ್ತದೆ, ಆಮೇಲೆ ಬಿಡಿಸಲಾಗದು. ಇನ್ನೊಂದು ಪಾತ್ರೆಯಲ್ಲಿ ಮೊಟ್ಟೆ, ನೀರು, ಎಣ್ಣೆ, ನಿಂಬೆ ರಸ ಚೆನ್ನಾಗಿ ಕದಡಿ, ಒಣ ಹಿಟ್ಟನ್ನು ಅದಕ್ಕೆ ಹಾಕಿ ಚಮಚದಲ್ಲಿ ಒಂದು ನಿಮಿಷ ತಿರುವಿ.

ಈಗ ಅದು ಬಟ್ಟಲಿನಿಂದ ಸುರಿಯುವಷ್ಟು ತೆಳ್ಳಗೆ ಕಾಣುತ್ತದೆ. ಇಲ್ಲೇ ಎಲ್ಲರೂ ಹೆದರಿ ಇನ್ನೆರಡು ಚಮಚ ಹಿಟ್ಟು ಹಾಕುವುದು. ಹಾಕಬೇಡಿ, 8ರಿಂದ 10 ನಿಮಿಷ ಮುಟ್ಟದೆ ಬಿಡಿ. ಮೂರನೇ ನಿಮಿಷಕ್ಕೆ ಮೇಲಿನ ಹೊಳಪು ಮಾಯವಾಗುತ್ತದೆ. ಐದಕ್ಕೆ ಚಮಚ ಎಳೆದ ಗೆರೆ ಮುಚ್ಚಿಕೊಳ್ಳದೆ ಹಾಗೇ ನಿಲ್ಲುತ್ತದೆ. ಹತ್ತಕ್ಕೆ ಒದ್ದೆ ಕೈಗೆ ಮೆತ್ತಿಕೊಳ್ಳದೆ ಉಂಡೆಯಾಗುತ್ತದೆ. ಹತ್ತು ನಿಮಿಷ ಕಳೆದೂ ಉಂಡೆ ಬಿರುಕು ಬಿಟ್ಟರೆ ನೀರು ಸಾಲದು, ಒಂದೊಂದೇ ಟೀ ಚಮಚ ಸೇರಿಸಿ. ತಟ್ಟಿದಾಗ ತಾನೇ ಹರಡಿಕೊಂಡರೆ ಹಿಟ್ಟಿನ ಬದಲು 1 ಗ್ರಾಂ ಇಸಬ್ಗೋಲ್ ಸೇರಿಸಿ ಮತ್ತೆ ಐದು ನಿಮಿಷ ಕಾಯಿರಿ.

ಬೇಕಿಂಗ್ ಪೇಪರ್ ಮೇಲೆ ಉಂಡೆಯಿಟ್ಟು ಒದ್ದೆ ಕೈಯಲ್ಲಿ ನಡುವಿನಿಂದ ಹೊರಕ್ಕೆ ತಟ್ಟಿ. ದಪ್ಪ 6 ಮಿಲಿಮೀಟರ್. ಅಂಚು ತೆಳ್ಳಗಾಗುತ್ತಲೇ ಇರುತ್ತದೆ, ಅದನ್ನು ಬೆರಳಿನಿಂದ ಒಳಕ್ಕೆ ಒತ್ತಿ ನಡುವಿಗಿಂತ ತುಸು ಎತ್ತರ ಮಾಡಿ. ತೆಂಗಿನ ಹಿಟ್ಟು ಬೇಗ ಕೆಂಪಗಾಗುವ ಜಾತಿ, ತೆಳ್ಳನೆಯ ಅಂಚು ನಡುಭಾಗ ಬೇಯುವ ಮೊದಲೇ ಸೀಯುತ್ತದೆ. ನಿಮ್ಮ ಅಂಚು ಕಹಿಯಾಗಿದ್ದಕ್ಕೆ ಇದೂ ಒಂದು ಕಾರಣ, 220 ಡಿಗ್ರಿ ಇನ್ನೊಂದು.

ಚೆನ್ನಾಗಿ ಕಾದ ಓವನ್‌ನಲ್ಲಿ 200 ಡಿಗ್ರಿ, 20 ನಿಮಿಷ, ಮೇಲೆ ಏನೂ ಹಾಕದೆ ಬರೀ ಬೇಸ್. ಹೊರತೆಗೆದು ಇನ್ನೊಂದು ಪೇಪರ್ ಮೇಲೆ ಮಗುಚಿ, ಹಳೆಯ ಪೇಪರ್ ಸುಲಿದು, ಮತ್ತೆ 5ರಿಂದ 7 ನಿಮಿಷ. ಮುಟ್ಟಿದರೆ ಒಣಗಿದ್ದು, ನಡುವೆ ಒತ್ತಿದ ಬೆರಳಿನ ಗುರುತು ಮೇಲೆದ್ದು ಬರಬೇಕು. ಆಮೇಲೆಯೇ ಸಾಸ್. ಚೀಸ್ ಕರಗುವುದಕ್ಕೆ ಇನ್ನು 6ರಿಂದ 8 ನಿಮಿಷ ಸಾಕು, ತರಕಾರಿ ಹಾಕುವುದಾದರೆ ಬಾಣಲೆಯಲ್ಲಿ ಮೊದಲೇ ಬಾಡಿಸಿ ನೀರು ಹೋಗಿಸಿ. ಹೀಗೆ ಮಾಡಿದರೆ ಎಂಟು ತುಂಡು ಮಾಡಿದ ಬೇಸ್ ಕೈಯಲ್ಲಿ ಎತ್ತಿದಾಗ ತುದಿ ಸ್ವಲ್ಪ ಬಾಗುತ್ತದೆ, ಮುರಿಯುವುದಿಲ್ಲ.

ಬೇಕಿಂಗ್ ಪೌಡರ್ ವಿಷಯದಲ್ಲಿ ನೀವು ಓದಿದ್ದು ಸರಿ. ಹೆಚ್ಚಿನವುಗಳಲ್ಲಿ ಒಣದಾಗಿರಲೆಂದು ಮೆಕ್ಕೆಜೋಳದ ಪಿಷ್ಟ ಬೆರೆಸಿರುತ್ತಾರೆ. ಅದಕ್ಕೇ ಮೇಲೆ ಸೋಡಾ, ನಿಂಬೆ ರಸ ಹೇಳಿದ್ದು. ಸೋಡಾ ಮಾತ್ರ ಜಾಸ್ತಿ ಮಾಡಬೇಡಿ. ಕಾಲು ಚಮಚದ ಅರ್ಧದಷ್ಟು ಸೋಡಾಕ್ಕೆ 2 ಟೀ ಚಮಚ ಹುಳಿ ಸರಿಸುಮಾರು ಸಾಕಾಗುತ್ತದೆ. ಹುಳಿಗೆ ಸಿಗದೆ ಉಳಿದ ಸೋಡಾ ಸಾಬೂನಿನ ರುಚಿ ಕೊಡುತ್ತದೆ, ಬೇಸ್ ಬೇಗ ಕಪ್ಪಾಗುವಂತೆಯೂ ಮಾಡುತ್ತದೆ. ನಿಂಬೆ ರಸದ ಬದಲು ಕ್ರೀಮ್ ಆಫ್ ಟಾರ್ಟರ್ (ಒಣ ಹುಳಿ ಪುಡಿ) ಸಿಕ್ಕರೆ ತೂಕದಲ್ಲಿ 1 ಪಾಲು ಸೋಡಾಕ್ಕೆ ಎರಡೂಕಾಲು ಪಾಲು ಅದು.

ಎಳೆಚೀಸ್:

ಮೇಲಿನ ಅಳತೆ ಚೆನ್ನಾಗಿದೆ. ಆದರೆ ಅಗಿಯುವಾಗ ಗೋಧಿ ಬೇಸ್‌ನ ಹಾಗೆ ಎಳೆಯುವ ಗುಣ ಬೇಕಿದ್ದರೆ ಚೀಸ್ ಹಿಟ್ಟೇ ದಾರಿ. ಕರಗಿದ ಮೊಜರೆಲ್ಲಾದ ಪ್ರೋಟೀನ್ ಉದ್ದುದ್ದ ಎಳೆಯಾಗಿ ಗೋಧಿಯ ಅಂಟಿನ ಕೆಲಸವನ್ನು ಮಾಡುತ್ತದೆ. ತೆಂಗಿನ ಹಿಟ್ಟು ಅಲ್ಲಿ ನೀರನ್ನೂ ಕರಗಿದ ಕೊಬ್ಬನ್ನೂ ಹಿಡಿದಿಟ್ಟುಕೊಂಡರೆ ಸಾಕು.

ಮೊಜರೆಲ್ಲಾ 170 ಗ್ರಾಂ, ಕ್ರೀಮ್ ಚೀಸ್ 30 ಗ್ರಾಂ, ತೆಂಗಿನ ಹಿಟ್ಟು 40 ಗ್ರಾಂ, ಮೊಟ್ಟೆ 2. ಉಪ್ಪು ಬೇಡ, ಚೀಸ್‌ನಲ್ಲಿರುವುದೇ ಸಾಕು. ಇದು 28 ಸೆಂಟಿಮೀಟರ್‌ವರೆಗೆ ಹರಡುತ್ತದೆ. ಮೊಜರೆಲ್ಲಾ ಕಡಿಮೆ ನೀರಿನದ್ದೇ ಆಗಬೇಕು, ಗಟ್ಟಿಯಾಗಿ ತುರಿಯಲು ಬರುವಂಥದ್ದು. ನೀರಿನಲ್ಲಿ ತೇಲಿಸಿಟ್ಟು ಮಾರುವ ಮೆತ್ತನೆಯ ಉಂಡೆ ಇಲ್ಲಿ ಕೆಲಸಕ್ಕೆ ಬಾರದು, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಪ್ರೊಸೆಸ್ಡ್ ಚೀಸ್ ಸಹ ಬೇಡ. ಅದು ಕರಗಿದಾಗ ಎಳೆ ಬರದೆ ಗಂಜಿಯಾಗುತ್ತದೆ.

ತುರಿದ ಚೀಸ್ ಪ್ಯಾಕೆಟ್ ತರುವುದಕ್ಕಿಂತ ಗಡ್ಡೆ ತಂದು ನೀವೇ ತುರಿಯಿರಿ. ಪ್ಯಾಕೆಟ್ ತುರಿ ಒಂದಕ್ಕೊಂದು ಅಂಟದಿರಲು ಪಿಷ್ಟದ ಪುಡಿ ಸವರಿರುತ್ತಾರೆ. ಅದು ಕೆಲವು ಸಲ ಆಲೂಗಡ್ಡೆಯದ್ದು, ಕೆಲವು ಸಲ ಮೆಕ್ಕೆಜೋಳದ್ದು. ಧಾನ್ಯ ಪೂರ್ತಿ ಬಿಡಬೇಕಾದವರು ಅದರ ಹಿಂದಿನ ಚೀಟಿ ಓದಲೇಬೇಕು. ಅದಲ್ಲದೆ ಆ ಪುಡಿಯಿಂದ ಚೀಸ್ ಒಂದೇ ಮುದ್ದೆಯಾಗಿ ಕರಗುವುದೂ ಕಷ್ಟ.

ಚೀಸ್ ಎರಡನ್ನೂ ಮೈಕ್ರೋವೇವ್‌ನಲ್ಲಿ 30 ಸೆಕೆಂಡಿಗೊಮ್ಮೆ ತಿರುವುತ್ತಾ ಒಂದರಿಂದ ಒಂದೂವರೆ ನಿಮಿಷ ಕರಗಿಸಿ, ಇಲ್ಲದಿದ್ದರೆ ಕುದಿಯುವ ನೀರಿನ ಮೇಲೆ ಬಟ್ಟಲಿಟ್ಟು. ನೇರ ಉರಿಯಲ್ಲಿ ಬೇಡ. ಅತಿಯಾಗಿ ಕಾದ ಚೀಸ್ ಎಣ್ಣೆ ಬಿಡುತ್ತದೆ, ಬಿಟ್ಟ ಎಣ್ಣೆ ಮತ್ತೆ ಒಳಗೆ ಸೇರುವುದಿಲ್ಲ, ಬೇಸ್ ಮೇಲೆ ಜಿಡ್ಡಾಗಿ ನಿಲ್ಲುತ್ತದೆ. ಕರಗಿದ ಕೂಡಲೇ ಹಿಟ್ಟು ಹಾಕಿ ತಿರುವಿ. ಮೊಟ್ಟೆಯನ್ನು ಮಾತ್ರ ಚೀಸ್ ಬೆರಳಿಗೆ ತಾಳುವಷ್ಟು ಆರಿದ ಮೇಲೆ ಹಾಕಿ. ಮೊಟ್ಟೆಯ ಬಿಳಿ 62 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ, ಬಿಸಿ ಚೀಸ್‌ಗೆ ಬಿದ್ದರೆ ಹಿಟ್ಟಿನ ಒಳಗೆ ಮೊಟ್ಟೆಯ ಚೂರುಗಳು ಕಾಣಿಸಿಕೊಳ್ಳುತ್ತವೆ.

ಕಲಸುವಾಗ ಐದು ನಿಮಿಷ ಅದು ಹಿಟ್ಟಿನ ರೂಪಕ್ಕೇ ಬರುವುದಿಲ್ಲ, ಒಂದು ಕಡೆ ಚೀಸ್ ಎಳೆ, ಇನ್ನೊಂದು ಕಡೆ ಹಳದಿ ಲೋಳೆ. ಕೈಗೆ ಎಣ್ಣೆ ಸವರಿಕೊಂಡು ಮಡಚಿ ಒತ್ತುತ್ತಾ ಹೋಗಿ, ಬಿಳಿ ಪಟ್ಟೆಗಳು ಕಾಣದಂತಾದಾಗ ಆಯಿತು. ನಡುವೆ ಚೀಸ್ ಗಟ್ಟಿಯಾಗಿ ಹರಿಯತೊಡಗಿದರೆ 15 ಸೆಕೆಂಡು ಮತ್ತೆ ಬೆಚ್ಚಗೆ ಮಾಡಿ. ಹಿಟ್ಟು ಸೇರಿಸಿ ಸರಿಪಡಿಸಲು ಹೋಗಬೇಡಿ. ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು ಲಟ್ಟಣಿಗೆಯಲ್ಲಿ ಲಟ್ಟಿಸಿ, ಫೋರ್ಕ್‌ನಿಂದ ಎರಡೆರಡು ಸೆಂಟಿಮೀಟರ್‌ಗೆ ಒಂದರಂತೆ ಚುಚ್ಚಿ. 200 ಡಿಗ್ರಿ, 12ರಿಂದ 14 ನಿಮಿಷ. ಏಳನೇ ನಿಮಿಷಕ್ಕೆ ಒಮ್ಮೆ ಬಾಗಿಲು ತೆಗೆದು ಗುಳ್ಳೆ ಎದ್ದಿದ್ದರೆ ಮತ್ತೆ ಚುಚ್ಚಿ.

ಒಂದು ತೊಂದರೆ ಹೇಳಿಬಿಡುತ್ತೇನೆ. ಬೇಸ್‌ನಲ್ಲೇ ಇಷ್ಟು ಚೀಸ್ ಇರುವುದರಿಂದ ಮೇಲೆ ಮತ್ತೆ 100 ಗ್ರಾಂ ಹಾಕಿದರೆ ತಿನ್ನಲು ಭಾರ. ಮೇಲೆ 40ರಿಂದ 50 ಗ್ರಾಂ ಸಾಕು, ಜೊತೆಗೆ ಟೊಮೆಟೊ ಸಾಸ್ ತುಸು ಹುಳಿಯಾಗಿದ್ದರೆ ಒಳ್ಳೆಯದು.

ನಾರುಬೇರು:

ಮೊಟ್ಟೆ ಇಲ್ಲದ್ದನ್ನು ಕೇಳಿದ್ದಿರಿ. ಆಗುತ್ತದೆ. ಆದರೆ ಮೊಟ್ಟೆಯ ಅಳತೆಯಿಂದ ಮೊಟ್ಟೆ ಕಳೆದು ನೀರು ಕೂಡಿಸಿದರೆ ಆಗುವುದಿಲ್ಲ, ಅಳತೆಯೇ ಬೇರೆ.

24 ಸೆಂಟಿಮೀಟರ್ ಬೇಸ್‌ಗೆ ತೆಂಗಿನ ಹಿಟ್ಟು 45 ಗ್ರಾಂ, ಇಸಬ್ಗೋಲ್ ಪುಡಿ 15 ಗ್ರಾಂ, ಬೆಚ್ಚಗಿನ ನೀರು 180 ಮಿಲಿ, ಎಣ್ಣೆ 15 ಮಿಲಿ, ಉಪ್ಪು 3 ಗ್ರಾಂ. ಸೋಡಾ, ನಿಂಬೆ ರಸ ಹಿಟ್ಟುಜರಡಿಯವರು ಹೇಳಿದಷ್ಟೇ. ಹಿಟ್ಟು ಮೂರು ಪಾಲಾದರೆ ಇಸಬ್ಗೋಲ್ ಒಂದು ಪಾಲು, ನೀರು ಹಿಟ್ಟಿನ ನಾಲ್ಕರಷ್ಟು. ಈ ಲೆಕ್ಕ ನೆನಪಿದ್ದರೆ ಎಷ್ಟು ದೊಡ್ಡದು ಬೇಕಾದರೂ ಮಾಡಬಹುದು.

ಇಸಬ್ಗೋಲ್ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಹೊಟ್ಟು, ಹಗುರವಾದ ಬಿಳಿ ಪದರ. ಇನ್ನೊಂದು ಅದನ್ನೇ ನುಣ್ಣಗೆ ಬೀಸಿದ ಪುಡಿ. ಒಂದು ದೊಡ್ಡ ಚಮಚ ಹೊಟ್ಟು ಸುಮಾರು 5 ಗ್ರಾಂ ತೂಗಿದರೆ ಅದೇ ಚಮಚ ಪುಡಿ ಸುಮಾರು 9 ಗ್ರಾಂ ತೂಗುತ್ತದೆ. ಪಾಕವಿಧಾನದಲ್ಲಿ ಬರೀ 2 ಚಮಚ ಇಸಬ್ಗೋಲ್ ಎಂದಿದ್ದರೆ ಯಾವುದೆಂದು ತಿಳಿಯದೆ ಅರ್ಧಕ್ಕರ್ಧ ತಪ್ಪುತ್ತದೆ. ಹೊಟ್ಟು ಮಾತ್ರ ಇದ್ದರೆ ಮಿಕ್ಸಿಯ ಸಣ್ಣ ಜಾರ್‌ನಲ್ಲಿ ಅರ್ಧ ನಿಮಿಷ ತಿರುಗಿಸಿ, ಜಾರ್ ಪೂರ್ತಿ ಒಣಗಿರಲಿ.

ಕಲಸಿ 10 ನಿಮಿಷ ಬಿಟ್ಟ ಮೇಲೆ ಇದು ಮೆತ್ತನೆಯ ಜೇಡಿಮಣ್ಣಿನ ಹದಕ್ಕೆ ಬರುತ್ತದೆ, ಲಟ್ಟಿಸಲೂ ಬರುತ್ತದೆ. ಮೊಟ್ಟೆ ಬೇಸ್‌ಗಿಂತ ತೆಳ್ಳಗೆ ಮಾಡಿದರೆ ಒಳ್ಳೆಯದು, 5 ಮಿಲಿಮೀಟರ್ ಸಾಕು. ಬೇಯಿಸುವುದು 190 ಡಿಗ್ರಿಯಲ್ಲಿ 30 ನಿಮಿಷ, ಮಗುಚಿ ಮತ್ತೆ 10ರಿಂದ 12 ನಿಮಿಷ. ಇಷ್ಟು ಹೊತ್ತು ಏಕೆಂದರೆ ಇಸಬ್ಗೋಲ್‌ನ ಲೋಳೆ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹೊರಗೆ ಬೆಂದಂತೆ ಕಂಡರೂ ಒಳಗೆ ರಬ್ಬರಿನ ಹಾಗೆ ಅಂಟಂಟಾಗಿರುತ್ತದೆ. ಬೇಸರಪಡದೆ ನಿಧಾನವಾಗಿ ಒಣಗಿಸಬೇಕು. ಓವನ್‌ನಿಂದ ತೆಗೆದ ಮೇಲೂ ಜಾಲರಿಯ ಮೇಲೆ 15 ನಿಮಿಷ ಆರಿಸಿ, ಆಮೇಲೆ ಸಾಸ್ ಹಚ್ಚಿ. ಬಿಸಿಯಲ್ಲೇ ಕತ್ತರಿಸಿ ನೋಡಿ ಬೆಂದಿಲ್ಲ ಎಂದು ತೀರ್ಮಾನಿಸಬೇಡಿ, ಆರುತ್ತಾ ಬಿಗಿಯಾಗುವುದು ಇದರ ಸ್ವಭಾವ.

ಕೆಲವು ಇಸಬ್ಗೋಲ್ ಪುಡಿಗಳಿಂದ ಬೇಸ್ ಬೂದು ಅಥವಾ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೆಟ್ಟಿಲ್ಲ, ತಿನ್ನಬಹುದು. ಸೋಡಾ ಜಾಸ್ತಿಯಾದಾಗ ಇದು ಎದ್ದು ಕಾಣುತ್ತದೆ. ಹುಳಿ ತುಸು ಹೆಚ್ಚಿಸಿ ನೋಡಿ, ಆಗಲೂ ಹೋಗದಿದ್ದರೆ ಬೇರೆ ತಯಾರಿಕೆಯದ್ದನ್ನು ತನ್ನಿ.

ಇದನ್ನು ತಿನ್ನುವವರಿಗೊಂದು ಮಾತು: ಒಂದು ಬೇಸ್‌ನಲ್ಲಿ ತೆಂಗಿನ ನಾರೂ ಇಸಬ್ಗೋಲ್ ನಾರೂ ಸೇರಿ ಬಹಳ ಆಗುತ್ತದೆ. ರೂಢಿಯಿಲ್ಲದ ಹೊಟ್ಟೆ ಉಬ್ಬರಿಸುತ್ತದೆ. ಮೊದಲ ಸಲ ಕಾಲು ಭಾಗ ತಿನ್ನಿ, ಜೊತೆಗೆ ಧಾರಾಳವಾಗಿ ನೀರು ಕುಡಿಯಿರಿ.

ಕಾಯಿಹಾಲು:

ಅಳತೆಗಳೆಲ್ಲ ಬಂದಿವೆ. ಆದರೆ ಅಳತೆ ಸರಿಯಿದ್ದೂ ಕೆಡುವುದು ಹಿಟ್ಟಿನಿಂದಲೇ, ಅದರ ಬಗ್ಗೆ ಸ್ವಲ್ಪ.

ಒಣಕೊಬ್ಬರಿ ತುರಿಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ತೆಂಗಿನ ಹಿಟ್ಟು ಎಂದುಕೊಳ್ಳುವವರಿದ್ದಾರೆ. ಅದು ಹಿಟ್ಟಲ್ಲ. ಕೊಬ್ಬರಿ ತುರಿಯ ತೂಕದಲ್ಲಿ ನೂರಕ್ಕೆ ಅರವತ್ತು ಪಾಲಿನಷ್ಟು ಕೊಬ್ಬು, ಹಿಟ್ಟಿನಲ್ಲಿ ಇರುವುದು ಅದರ ಒಂದು ಸಣ್ಣ ಭಾಗ. ತುರಿಯ ಪುಡಿ ಹಿಟ್ಟಿನಷ್ಟು ನೀರು ಕುಡಿಯುವುದಿಲ್ಲ. ಮೇಲಿನ ಯಾವ ಅಳತೆಗೆ ಹಾಕಿದರೂ ಎಣ್ಣೆಯಲ್ಲಿ ತೇಲುವ ಗಂಜಿ ಸಿಗುತ್ತದೆ.

ಮನೆಯಲ್ಲೇ ಮಾಡಬೇಕೆಂದರೆ ಕಾಯಿ ತುರಿದು, ಬಿಸಿ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ, ಉಳಿದ ತುರಿಗೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಹಿಂಡಿ. ಎರಡು ಸಲವಾದರೂ ಹಿಂಡಬೇಕು. ಆ ತುರಿಯನ್ನು ಟ್ರೇಯಲ್ಲಿ ತೆಳ್ಳಗೆ ಹರಡಿ 80ರಿಂದ 90 ಡಿಗ್ರಿಯಲ್ಲಿ ಎರಡು ಮೂರು ಗಂಟೆ, ಅರ್ಧ ಗಂಟೆಗೊಮ್ಮೆ ಕೆದಕುತ್ತಾ ಒಣಗಿಸಿ. ಮುಷ್ಟಿಯಲ್ಲಿ ಹಿಡಿದರೆ ಮುದ್ದೆಯಾಗದೆ ಗರಗರ ಸದ್ದಾಗಬೇಕು. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ಎರಡೆರಡು ಸೆಕೆಂಡು ಬಿಟ್ಟುಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಜಾರ್ ಬಿಸಿಯಾಗಿ ಉಳಿದ ಎಣ್ಣೆ ಹೊರಬಂದು ಹಿಟ್ಟು ಗೋಡೆಗೆ ಮೆತ್ತಿಕೊಳ್ಳುತ್ತದೆ. ಮನೆಯ ಹಿಟ್ಟಿನಲ್ಲಿ ಎಣ್ಣೆ ಹೆಚ್ಚು ಉಳಿಯುವುದರಿಂದ ಅದು ನೀರು ಕುಡಿಯುವುದೂ ಕಡಿಮೆ. ಮೊದಲ ಸಲ ನೀರನ್ನು ಕಾಲು ಭಾಗ ಕಡಿಮೆ ಹಾಕಿ ಶುರುಮಾಡಿ.

ಕೆಟ್ಟ ಹಿಟ್ಟನ್ನು ಮೂಗೇ ಹೇಳುತ್ತದೆ. ತೇವ ತಾಗಿದ ತೆಂಗಿನ ಕೊಬ್ಬು ಒಡೆದಾಗ ಸಾಬೂನಿನ ವಾಸನೆ ಬರುತ್ತದೆ, ಲಾರಿಕ್ ಆಮ್ಲದ್ದು ಅದು. ಬೇಯಿಸಿದರೂ ಹೋಗುವುದಿಲ್ಲ. ಗಾಳಿಯಾಡದ ಡಬ್ಬದಲ್ಲಿ ಫ್ರಿಜ್‌ನೊಳಗಿಡಿ, ಒದ್ದೆ ಚಮಚ ತಾಗಿಸಬೇಡಿ. ಬೇಸ್‌ಗೆ ಸಾಬೂನಿನ ರುಚಿ ಬಂದಾಗ ಸೋಡಾ ಹೆಚ್ಚಾಯಿತೋ ಹಿಟ್ಟು ಹಳತೋ ತಿಳಿಯಬೇಕಾದರೆ ಒಣ ಹಿಟ್ಟನ್ನು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಳ್ಳಿ, ಗೊತ್ತಾಗುತ್ತದೆ.

ಧಾನ್ಯವಿಲ್ಲ, ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಅಂಟು) ಇಲ್ಲ, ಪಿಷ್ಟ ಕಡಿಮೆ: ಇವು ಮೂರೂ ಬೇರೆಬೇರೆ ಮಾತು. ಅಕ್ಕಿ ಹಿಟ್ಟಿನ ಬೇಸ್‌ನಲ್ಲಿ ಗ್ಲುಟೆನ್ ಇಲ್ಲ, ಧಾನ್ಯ ಇದೆ. ಮರಗೆಣಸಿನ ಪಿಷ್ಟದ ಬೇಸ್‌ನಲ್ಲಿ ಧಾನ್ಯ ಇಲ್ಲ, ಪಿಷ್ಟ ತುಂಬಾ ಇದೆ. ಪಿಷ್ಟದ ತಕರಾರು ನಿಮಗಿಲ್ಲದಿದ್ದರೆ ಹಿಟ್ಟುಜರಡಿಯವರ ಅಳತೆಯಲ್ಲಿ 10 ಗ್ರಾಂ ತೆಂಗಿನ ಹಿಟ್ಟು ಕಡಿಮೆ ಮಾಡಿ 30 ಗ್ರಾಂ ಮರಗೆಣಸಿನ ಪಿಷ್ಟ ಹಾಕಿ, ನೀರು 70 ಮಿಲಿಗೆ ಇಳಿಸಿ. ಬೇಸ್‌ಗೆ ಎಳೆತ ಬರುತ್ತದೆ, ಅಂಚು ಗರಿಗರಿಯಾಗುತ್ತದೆ. ಸೀಲಿಯಾಕ್ (ಗ್ಲುಟೆನ್ ಒಗ್ಗದ ಕಾಯಿಲೆ) ಇರುವವರಿಗಾಗಿ ಮಾಡುವುದಾದರೆ ಹಿಟ್ಟಿನ ಪ್ಯಾಕೆಟ್ ಮೇಲೆ ಗ್ಲುಟೆನ್ ರಹಿತ ಎಂಬ ಗುರುತು ಇರಲೇಬೇಕು. ಗೋಧಿ ಬೀಸುವ ಯಂತ್ರದಲ್ಲೇ ಬೀಸಿದ ತೆಂಗಿನ ಹಿಟ್ಟಿನಲ್ಲಿ ಗೋಧಿ ಬೆರೆತಿರುತ್ತದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಆ ಗುರುತಿಗೆ ಗ್ಲುಟೆನ್ ಮಿತಿ ಕಿಲೋಗೆ 20 ಮಿಲಿಗ್ರಾಂ. ಮನೆಯಲ್ಲೂ ಗೋಧಿ ಹಿಟ್ಟಿಗೆ ಬಳಸಿದ ಜರಡಿ, ಮರದ ಲಟ್ಟಣಿಗೆ ಇದಕ್ಕೆ ಬೇಡ. ವಿನೆಗರ್ ಹಾಕುವವರು ಮಾಲ್ಟ್ ವಿನೆಗರ್ ಬಿಡಿ, ಅದು ಬಾರ್ಲಿಯದ್ದು.

ಹೊಸಬಾಣಲೆ:

ಎಲ್ಲರಿಗೂ ತುಂಬಾ ಧನ್ಯವಾದ. ಹಿಟ್ಟುಜರಡಿಯವರ ಅಳತೆಯಲ್ಲಿ, ತೂಗಿ, ಹತ್ತು ನಿಮಿಷ ಬಿಟ್ಟು ಮಾಡಿದೆ. ತುಂಡು ಕೈಯಲ್ಲಿ ನಿಂತಿತು! ಎರಡು ವಿಷಯ ಉಳಿದಿವೆ. ಮೊಟ್ಟೆಯ ವಾಸನೆ ಸ್ವಲ್ಪ ಇದೆ. ಸಾಸ್ ಹಾಕಿ ಬೇಯಿಸಿದ ಮೇಲೆ ತಳ ಮತ್ತೆ ತೇವವಾಯಿತು, ಅಂಚು ಮಾತ್ರ ಚೆನ್ನಾಗಿದೆ. ಇನ್ನೊಂದು, ಒಟ್ಟಿಗೆ ನಾಲ್ಕು ಮಾಡಿಟ್ಟುಕೊಳ್ಳಬಹುದೇ?

ಹಿಟ್ಟುಜರಡಿ:

ನಿಂತಿತಲ್ಲ, ಬಹಳ ಖುಷಿ. ಕಷ್ಟದ ಭಾಗ ಮುಗಿದಿದೆ.

ಮೊಟ್ಟೆಯ ವಾಸನೆಗೆ ಎರಡು ಕೆಲಸ ಮಾಡಿ. ಹಿಟ್ಟಿಗೆ ಒಣ ಆರಿಗ್ಯಾನೊ 1 ಟೀ ಚಮಚ, ಬೆಳ್ಳುಳ್ಳಿ ಪುಡಿ ಅರ್ಧ ಟೀ ಚಮಚ ಸೇರಿಸಿ. ಬೇಸ್ ಒಳಗೇ ಇರಬೇಕು, ಮೇಲೆ ಉದುರಿಸಿದ್ದು ಸಾಲದು. ಜೊತೆಗೆ ನುಣ್ಣಗೆ ತುರಿದ ಪಾರ್ಮೆಸಾನ್ ಚೀಸ್ 15 ಗ್ರಾಂ ಹಾಕಿದರೆ ಉಪ್ಪು 1 ಗ್ರಾಂ ಕಡಿಮೆ ಮಾಡಿ. ತೆಂಗಿನ ಸಿಹಿ ವಾಸನೆಯೂ ಇದರಲ್ಲೇ ಅಡಗುತ್ತದೆ. ಹಳದಿ ಬಿಟ್ಟು ಬರೀ ಬಿಳಿ ಹಾಕುವ ಸಲಹೆ ಸಿಕ್ಕೀತು, ಅದನ್ನು ಕೇಳಬೇಡಿ. ಹಳದಿಯ ಕೊಬ್ಬಿಲ್ಲದೆ ಈ ಹಿಟ್ಟು ಒಣಗಿ ಗಂಟಲಲ್ಲಿ ಹಿಡಿಯುತ್ತದೆ.

ತಳ ತೇವವಾಗುವುದು ಸಾಸ್‌ನಿಂದ, ಇಲ್ಲವೇ ಆವಿಯಿಂದ. 22 ಸೆಂಟಿಮೀಟರ್‌ಗೆ ಸಾಸ್ 3 ದೊಡ್ಡ ಚಮಚ, ಅದಕ್ಕಿಂತ ಒಂದು ಹನಿ ಜಾಸ್ತಿ ಬೇಡ. ಸಾಸ್ ಗಟ್ಟಿಯಿದೆಯೇ ಎಂದು ತಿಳಿಯಲು ತಟ್ಟೆಯ ಮೇಲೆ ಒಂದು ಚಮಚ ಹಾಕಿ ಎರಡು ನಿಮಿಷ ಬಿಡಿ. ಸುತ್ತ ನೀರಿನ ಉಂಗುರ ಬಿಟ್ಟರೆ ಇನ್ನೂ ಬತ್ತಿಸಬೇಕು. ಸಾಸ್‌ಗೆ ಮೊದಲು ಬೇಸ್ ಮೇಲೆ ಎಣ್ಣೆಯನ್ನು ತೆಳ್ಳಗೆ ಸವರಿ, ಇಲ್ಲವೇ ಚೀಸ್‌ನಲ್ಲಿ ಒಂದು ಹಿಡಿ ಮೊದಲು ಹರಡಿ ಅದರ ಮೇಲೆ ಸಾಸ್ ಹಾಕಿ. ಕರಗಿದ ಚೀಸ್ ಅಡ್ಡ ನಿಲ್ಲುತ್ತದೆ.

ಎರಡನೇ ಸಲ ಓವನ್‌ಗೆ ಇಡುವಾಗ ತಣ್ಣಗಿನ ಟ್ರೇ ಬಳಸಬೇಡಿ. ದಪ್ಪನೆಯ ಉಕ್ಕಿನ ಟ್ರೇಯೊಂದನ್ನು ಬೋರಲಾಗಿ ಕೆಳಗಿನ ಹಂತದಲ್ಲಿಟ್ಟು ಅರ್ಧ ಗಂಟೆ ಕಾಯಿಸಿ, ಪೇಪರ್ ಸಮೇತ ಬೇಸ್‌ಅನ್ನು ಅದರ ಮೇಲೆ ಜಾರಿಸಿ. ತಳ ಮುಟ್ಟಿದ ಕ್ಷಣದಿಂದಲೇ ಶಾಖ ಸಿಗುತ್ತದೆ. ಪೇಪರ್ ಸಾಮಾನ್ಯವಾಗಿ 220 ಡಿಗ್ರಿವರೆಗೆ ತಾಳುತ್ತದೆ, ನಿಮ್ಮ ಪೆಟ್ಟಿಗೆಯ ಮೇಲೆ ಬರೆದ ಮಿತಿ ನೋಡಿಕೊಳ್ಳಿ. ಮೇಲಿನ ಕಾಯಿಲ್ ಹಚ್ಚಿ ಚೀಸ್ ಕೆಂಪಗೆ ಮಾಡುವಾಗ ಟ್ರೇ ಆಚೆ ಚಾಚಿದ ಪೇಪರ್ ಕತ್ತರಿಸಿಬಿಡಿ, ಬೆಂಕಿ ಹತ್ತುತ್ತದೆ. ಹೊರತೆಗೆದ ಪಿಜ್ಜಾ ನೇರ ತಟ್ಟೆಗೆ ಹೋಗಬಾರದು, ಅಡಿಯ ಆವಿ ಅಲ್ಲೇ ನೀರಾಗುತ್ತದೆ. ಜಾಲರಿಯ ಮೇಲೆ ಮೂರು ನಾಲ್ಕು ನಿಮಿಷ, ಆಮೇಲೆ ಕತ್ತರಿಸಿ.

ನಾಲ್ಕೇಕೆ, ಎಂಟು ಬೇಕಾದರೂ ಮಾಡಿಡಿ. ಎರಡೂ ಬದಿ ಬೆಂದ ಬರೀ ಬೇಸ್‌ಗಳನ್ನು ಪೂರ್ತಿ ಆರಿಸಿ, ನಡುನಡುವೆ ಪೇಪರ್ ಇಟ್ಟು, ಗಾಳಿ ತೆಗೆದ ಚೀಲದಲ್ಲಿ ಫ್ರೀಜರ್‌ಗೆ. ಎರಡು ತಿಂಗಳು ಚೆನ್ನಾಗಿರುತ್ತವೆ. ಬೇಕಾದಾಗ ಕರಗಿಸದೆ ನೇರ 200 ಡಿಗ್ರಿಗೆ 5 ನಿಮಿಷ ಬರೀ ಬೇಸ್, ಮತ್ತೆ ಸಾಸ್ ಚೀಸ್ ಹಾಕಿ 8 ನಿಮಿಷ. ಹೊರಗಿಟ್ಟು ಕರಗಿಸಿದರೆ ಮಂಜಿನ ನೀರನ್ನೆಲ್ಲ ಈ ಹಿಟ್ಟು ಮತ್ತೆ ಕುಡಿದುಬಿಡುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೂ ಮೆತ್ತಗಾಗುತ್ತದೆ.